ಇದ್ದೂ ಕಾಣದಿರುವುದು: ಹಳೆಯ ದೂರದರ್ಶಕವೂ ಪ್ರತ್ಯಕ್ಷ ಪ್ರಮಾಣವೂ

ಭಾರತೀಯ ದರ್ಶನಗಳ ಪರಿಭಾಷೆಯಲ್ಲಿ ಯಥಾರ್ಥವಾದ ಅರಿವನ್ನು ಉಂಟುಮಾಡುವ ಸಾಧನಕ್ಕೆ ಪ್ರಮಾಣವೆಂದು ಹೆಸರು. ಪ್ರಮಾಣಗಳು ಎಷ್ಟು ಎಂಬ ವಿಷಯದಲ್ಲಿ ದರ್ಶನಗಳ ನಡುವೆ ತೀರದ ವಾದವಿದ್ದರೂ ಪ್ರತ್ಯಕ್ಷವನ್ನು ಮಾತ್ರ ಚಾರ್ವಾಕರು ಮೊದಲುಗೊಂಡು ವೇದಾಂತಿಗಳವರೆಗೆ ಯಾರೂ ಕೈಬಿಟ್ಟಿಲ್ಲ. ಗೌತಮನ ನ್ಯಾಯಸೂತ್ರವು ಅದಕ್ಕೆ ಕೊಡುವ ಲಕ್ಷಣದ ತಿರುಳು ಇಷ್ಟು: ಇಂದ್ರಿಯಕ್ಕೂ ವಸ್ತುವಿಗೂ ಸನ್ನಿಕರ್ಷ, ಎಂದರೆ ಸಂಬಂಧ, ಏರ್ಪಟ್ಟಾಗ ಹುಟ್ಟುವ, ಮುಂದೆ ಸುಳ್ಳಾಗದ, ಸಂಶಯಕ್ಕೆ ಎಡೆಯಿಲ್ಲದ ಜ್ಞಾನವೇ ಪ್ರತ್ಯಕ್ಷ. ಎದುರಿಗಿರುವ ಗಡಿಗೆಯ ಮಟ್ಟಿಗೆ ಈ ಲಕ್ಷಣ ತೊಡಕಿಲ್ಲದೆ ಒಪ್ಪುತ್ತದೆ. ಆದರೆ ಕಣ್ಣಿಗೂ ವಸ್ತುವಿಗೂ ನಡುವೆ ಒಂದೆರಡು ಮಸೂರಗಳೋ ದರ್ಪಣವೋ ಬಂದು ನಿಂತು, ಬರಿಗಣ್ಣಿಗೆ ಎಂದೂ ಸಿಗದಿದ್ದುದನ್ನು ಕಾಣಿಸತೊಡಗಿದರೆ, ಹಾಗೆ ಕಂಡದ್ದು ಪ್ರತ್ಯಕ್ಷವೇ, ಅನುಮಾನವೇ, ಎಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿದದ್ದೇ, ಅಥವಾ ಉಪಕರಣವನ್ನು ಮಾಡಿದವರ ಮೇಲಿನ ಬರಿಯ ನಂಬಿಕೆಯೇ ಎಂಬ ಪ್ರಶ್ನೆ ಏಳುತ್ತದೆ.

ಈ ಪ್ರಶ್ನೆಗೆ ದೊಡ್ಡ ವೀಕ್ಷಣಾಲಯಗಳಿಗಿಂತ ಮನೆಯ ತಾರಸಿಯೇ ತಕ್ಕ ಜಾಗ. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ, 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತು ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಅಲ್ಲಿ ಬೆಳಕನ್ನು ಹಿಡಿಯುವುದು ಎಲೆಕ್ಟ್ರಾನಿಕ್ ಸಂವೇದಕ, ಖಗೋಳಜ್ಞರ ಮುಂದೆ ಬಂದು ಬೀಳುವುದು ಅಂಕಿಗಳ ರಾಶಿ. ಅದು ಬಹುಮಟ್ಟಿಗೆ ಅನುಮಾನದ ರಾಜ್ಯ. ತಾರೆಯಿಂದ ಹೊರಟ ಬೆಳಕೇ ಯಾವ ರೂಪಾಂತರಕ್ಕೂ ಒಳಗಾಗದೆ ಕಣ್ಣಿನ ಪಾಪೆಯವರೆಗೆ ಬಂದು ತಲುಪುವುದು ಸಣ್ಣ ದೂರದರ್ಶಕದಲ್ಲಿ ಮಾತ್ರ. ಅದೂ ಬೇರೊಬ್ಬರು ಒಂದಷ್ಟು ದಿನ ಬಳಸಿ, ಅಟ್ಟಕ್ಕೆ ಹಾಕಿ, ಕಡೆಗೆ ಸಿಕ್ಕ ಬೆಲೆಗೆ ಕೊಟ್ಟ ಸೆಕೆಂಡ್‌ಹ್ಯಾಂಡ್ ದೂರದರ್ಶಕವಾದರೆ ಪ್ರಶ್ನೆಗೆ ಇನ್ನೊಂದು ಮೊನೆ ಸೇರುತ್ತದೆ. ಏಕೆಂದರೆ ಆಕಾಶವನ್ನು ನೋಡುವುದಕ್ಕೆ ಮೊದಲು, ಏನಾಗಿದೆಯೋ ತಿಳಿಯದ ಆ ಸಾಧನವನ್ನೇ ನೋಡಬೇಕಾಗುತ್ತದೆ. ದರ್ಶನಶಾಸ್ತ್ರದಲ್ಲಿ ಇದರ ಹೆಸರು ಪ್ರಮಾಣಪರೀಕ್ಷೆ. ಆಕಾಶವೀಕ್ಷಣೆಗೆ ಹೊಸದಾಗಿ ಇಳಿದವರು ಹಳೆಯ ಉಪಕರಣವೊಂದನ್ನು ಹದಕ್ಕೆ ತರುವಾಗ ಮಾಡುವ ಕೆಲಸಗಳನ್ನು ಈ ಶಾಸ್ತ್ರದ ಬೆಳಕಿನಲ್ಲಿ ಗಮನಿಸಿದರೆ, ಕಣ್ಣು ತೆರೆದ ಮಾತ್ರಕ್ಕೆ ಪ್ರತ್ಯಕ್ಷವು ಒದಗಿಬಿಡುವುದಿಲ್ಲವೆಂದೂ ದೋಷಗಳನ್ನು ಒಂದೊಂದಾಗಿ ಕಳೆದು ಅದನ್ನು ಗಳಿಸಿಕೊಳ್ಳಬೇಕೆಂದೂ ಗೊತ್ತಾಗುತ್ತದೆ.

ನಡುವೆ ಗಾಜು ಬಂದರೆ ಕಣ್ಣಿಗೂ ವಸ್ತುವಿಗೂ ಇರುವ ಸಂಬಂಧ ಮುರಿಯುತ್ತದೆಯೇ ಎಂಬ ಚರ್ಚೆ ದೂರದರ್ಶಕಕ್ಕಿಂತ ಸಾವಿರ ವರ್ಷಕ್ಕೂ ಹೆಚ್ಚು ಹಳೆಯದು. ನ್ಯಾಯಮತದಲ್ಲಿ ಚಕ್ಷುರಿಂದ್ರಿಯವು ತೇಜಸ್ಸಿನಿಂದಾದದ್ದು. ಅದರ ರಶ್ಮಿ ಹೊರಗೆ ಹರಿದು ವಸ್ತುವನ್ನು ಮುಟ್ಟುವುದರಿಂದ ಕಣ್ಣು ಪ್ರಾಪ್ಯಕಾರಿ, ಎಂದರೆ ವಸ್ತುವನ್ನು ತಲುಪಿ ಕೆಲಸ ಮಾಡುವಂಥದು. ಹಾಗಿದ್ದರೆ ಗಾಜು, ಅಭ್ರಕ, ಸ್ಫಟಿಕಗಳ ಆಚೆಗಿರುವ ವಸ್ತು ಕಾಣಬಾರದಾಗಿತ್ತಲ್ಲ ಎಂಬ ಆಕ್ಷೇಪವನ್ನು ನ್ಯಾಯಸೂತ್ರವೇ ಎತ್ತಿಕೊಂಡು, ಸ್ವಚ್ಛವಾದ ದ್ರವ್ಯಗಳು ರಶ್ಮಿಯನ್ನು ತಡೆಯುವುದಿಲ್ಲವಾದ್ದರಿಂದ ಸಂಬಂಧಕ್ಕೆ ಭಂಗವಿಲ್ಲವೆಂದು ಉತ್ತರಿಸುತ್ತದೆ. ಜೈನ ದಾರ್ಶನಿಕರು ಇದನ್ನು ಒಪ್ಪಲಿಲ್ಲ. ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದ ಪೂಜ್ಯಪಾದರು, ಕನ್ನಡನಾಡಿನ ಜೈನ ಪರಂಪರೆ ಇಂದಿಗೂ ಗೌರವದಿಂದ ನೆನೆಯುವ ಆಚಾರ್ಯರು, ಮುಟ್ಟಿ ತಿಳಿಯುವುದೇ ಕಣ್ಣಿನ ಸ್ವಭಾವವಾಗಿದ್ದರೆ ಚರ್ಮದಂತೆ ಅದೂ ತನಗೆ ಹಚ್ಚಿದ ಕಾಡಿಗೆಯನ್ನು ಅರಿಯಬೇಕಾಗಿತ್ತೆಂದು ವಾದಿಸಿ, ಕಣ್ಣು ಅಪ್ರಾಪ್ಯಕಾರಿ ಎಂದು ತೀರ್ಮಾನಿಸಿದರು. ಕಣ್ಣಿನಿಂದ ಹೊರಗೆ ಏನೂ ಹೊರಡುವುದಿಲ್ಲ, ವಸ್ತುವಿನಿಂದ ಬೆಳಕು ಕಣ್ಣಿಗೆ ಬರುತ್ತದೆ ಎಂಬುದನ್ನು 11ನೆಯ ಶತಮಾನದಲ್ಲಿ ಇಬ್ನ್ ಅಲ್-ಹೈಥಮ್ ವಿಸ್ತಾರವಾಗಿ ಪ್ರತಿಪಾದಿಸಿದ ಮೇಲೆ ರಶ್ಮಿಯ ದಿಕ್ಕೇನೋ ತಿರುಗಿತು. ಆದರೆ ನೈಯಾಯಿಕರ ಮುಖ್ಯವಾದ ಮಾತು ಉಳಿದುಕೊಂಡಿತು. ಕಣ್ಣಿಗೂ ವಸ್ತುವಿಗೂ ಬೆಳಕಿನ ಮೂಲಕ ಸಂಬಂಧವಿದೆ, ಮಸೂರವು ಆ ಬೆಳಕನ್ನು ಬಾಗಿಸುತ್ತದೆಯೇ ಹೊರತು ಕಡಿದುಹಾಕುವುದಿಲ್ಲ. ಆದ್ದರಿಂದ ನಡುವೆ ಗಾಜಿದೆ ಎಂಬ ಒಂದೇ ಕಾರಣಕ್ಕೆ ದೂರದರ್ಶಕದ ದರ್ಶನವನ್ನು ಪ್ರತ್ಯಕ್ಷದಿಂದ ಹೊರಗಿಡಲಾಗದು. ಹೊರಗಿಡುವುದಾದರೆ ಕನ್ನಡಕ ಹಾಕಿಕೊಂಡು ಓದಿದ ಪುಸ್ತಕವನ್ನೂ ಹೊರಗಿಡಬೇಕಾಗುತ್ತದೆ.

ಆದರೂ ಕನ್ನಡಕಕ್ಕೂ ದೂರದರ್ಶಕಕ್ಕೂ ಒಂದು ವ್ಯತ್ಯಾಸವಿದೆ. ಕನ್ನಡಕ ತೋರಿಸಿದ್ದನ್ನು ಹತ್ತಿರ ಹೋಗಿ, ಮುಟ್ಟಿ, ಬೇರೆಯವರ ಕಣ್ಣಿನಿಂದ ನೋಡಿಸಿ ತಾಳೆ ಹಾಕಬಹುದು. ಆಕಾಶದ ವಸ್ತುವಿಗೆ ಆ ಸೌಕರ್ಯವಿಲ್ಲ. ಗೆಲಿಲಿಯೋ 1610ರ ಜನವರಿಯಲ್ಲಿ ಗುರುಗ್ರಹದ ನಾಲ್ಕು ಉಪಗ್ರಹಗಳನ್ನು ಕಂಡು ಅದೇ ವರ್ಷ ಪ್ರಕಟಿಸಿದಾಗ, ಪಾದುವಾ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ಅಧ್ಯಾಪಕ ಚೆಸಾರೆ ಕ್ರೆಮೊನೀನಿ ಆ ಕೊಳವೆಯೊಳಗೆ ನೋಡಲು ಒಪ್ಪಲಿಲ್ಲವೆಂದು ಸಮಕಾಲೀನ ಪತ್ರವೊಂದರಿಂದ ತಿಳಿದುಬರುತ್ತದೆ. ಈ ನಿರಾಕರಣೆಯನ್ನು ಮೌಢ್ಯದ ಉದಾಹರಣೆಯೆಂದು ನಗುವುದು ರೂಢಿಯಾಗಿದ್ದರೂ, ಮಸೂರಗಳ ಜೋಡಣೆ ಹೇಗೆ ಕೆಲಸ ಮಾಡುತ್ತದೆಂಬ ಸಿದ್ಧಾಂತವನ್ನು ಕೆಪ್ಲರ್ ಪ್ರಕಟಿಸಿದ್ದು 1611ರಲ್ಲಿ. ಅದಕ್ಕೆ ಮೊದಲು ಕೊಳವೆ ತೋರಿಸಿದ್ದು ಆಕಾಶದ್ದೋ ಕೊಳವೆಯದ್ದೋ ಎಂದು ಕೇಳುವವರ ಬಾಯಿ ಮುಚ್ಚಿಸಲು ಯುಕ್ತಿಯ ಬಲ ಸಾಲದಾಗಿತ್ತು. ಗೆಲಿಲಿಯೋಗೂ ಆ ಕೊಳವೆ ಒಮ್ಮೆ ಕೈಕೊಟ್ಟಿತು. 1610ರಲ್ಲಿ ಶನಿಯು ಅವರಿಗೆ ಎರಡು ಪಕ್ಕಗಳಲ್ಲೂ ಒಂದೊಂದು ಸಣ್ಣ ಗೋಳವಿರುವ ಮೂರು ಕಾಯಗಳ ಗುಂಪಾಗಿ ಕಂಡಿತು. 1612ರಲ್ಲಿ ಪಕ್ಕದ ಗೋಳಗಳು ಮಾಯವಾಗಿದ್ದವು. ಕಂಡದ್ದು ಶನಿಯನ್ನು ಸುತ್ತುವರಿದ ತೆಳುವಾದ ಬಳೆಯೆಂದೂ ಸುಮಾರು 15 ವರ್ಷಕ್ಕೊಮ್ಮೆ ಅದರ ಅಂಚು ಮಾತ್ರ ಭೂಮಿಯ ಕಡೆಗಿರುವುದರಿಂದ ಕಾಣದಾಗುತ್ತದೆಂದೂ ವಿವರಿಸಿದ ಹ್ಯೂಗೆನ್ಸರ ಗ್ರಂಥ ಬಂದದ್ದು 1659ರಲ್ಲಿ.

ಇಂತಹ ಸಂದರ್ಭದಲ್ಲಿ ನೋಡಿದ್ದನ್ನು ನಂಬಬೇಕೋ ಬೇಡವೋ ಎಂಬುದಕ್ಕೆ ಪೂರ್ವಮೀಮಾಂಸೆಯ ಕುಮಾರಿಲಭಟ್ಟರಲ್ಲಿ ಒಂದು ಸ್ಪಷ್ಟವಾದ ಮಾರ್ಗವಿದೆ. ಜ್ಞಾನವು ಸ್ವತಃಪ್ರಮಾಣ, ಎಂದರೆ ಹುಟ್ಟುವಾಗಲೇ ಅದು ನಂಬಿಕೆಗೆ ಅರ್ಹವಾಗಿರುತ್ತದೆ. ಅದನ್ನು ಕೈಬಿಡಬೇಕಾಗುವುದು ಎರಡು ಸಂದರ್ಭಗಳಲ್ಲಿ ಮಾತ್ರ. ಮೊದಲನೆಯದು ಕಾರಣದೋಷಜ್ಞಾನ, ಆ ಜ್ಞಾನವನ್ನು ಹುಟ್ಟಿಸಿದ ಸಾಧನದಲ್ಲಿ ಕೊರತೆಯಿದೆಯೆಂದು ತಿಳಿದುಬರುವುದು. ಎರಡನೆಯದು ಬಾಧಕಪ್ರತ್ಯಯ, ಹಿಂದಿನದನ್ನು ಸುಳ್ಳುಮಾಡುವ ಮತ್ತೊಂದು ಜ್ಞಾನ ಹುಟ್ಟುವುದು. ಶನಿಯ ಪಕ್ಕದ ಗೋಳಗಳು ಮಾಯವಾದದ್ದು ಬಾಧಕಪ್ರತ್ಯಯ. ಆ ಕಾಲದ ಮಸೂರಕ್ಕೆ ಬಳೆಯನ್ನು ಬಿಡಿಸಿ ತೋರಿಸುವ ಶಕ್ತಿ ಇರಲಿಲ್ಲವೆಂಬ ಅರಿವು ಕಾರಣದೋಷಜ್ಞಾನ. ನೈಯಾಯಿಕರಾದರೋ ಜ್ಞಾನದ ಪ್ರಾಮಾಣ್ಯವನ್ನು ಪರತಃ, ಎಂದರೆ ಹೊರಗಿನ ತಾಳೆಯಿಂದ, ಗೊತ್ತುಪಡಿಸಿಕೊಳ್ಳಬೇಕೆನ್ನುತ್ತಾರೆ. ಹೊಸ ಉಪಕರಣವನ್ನು ಕೊಳ್ಳುವವರು ತಯಾರಕರ ಹೆಸರನ್ನು ನೆಚ್ಚಿ ಅರಿವಿಲ್ಲದೆಯೇ ಮೀಮಾಂಸಕರಾಗಿರುತ್ತಾರೆ. ಹಳೆಯದನ್ನು ಕೊಳ್ಳುವವರಿಗೆ ನೈಯಾಯಿಕರಾಗದೆ ಗತ್ಯಂತರವಿಲ್ಲ.

ಕೊಳ್ಳುವ ಮೊದಲ ಹೆಜ್ಜೆಯಲ್ಲಿ ಎದುರಾಗುವುದು ಶಬ್ದಪ್ರಮಾಣ, ಎಂದರೆ ಮಾರುವವರ ಮಾತು. ನ್ಯಾಯಭಾಷ್ಯಕಾರ ವಾತ್ಸ್ಯಾಯನರ ಪ್ರಕಾರ ಆಪ್ತನೆಂದರೆ ವಿಷಯವನ್ನು ತಾನೇ ನೇರವಾಗಿ ಅರಿತು, ಅರಿತಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾದ ವರ್ಧನೆಯ ಸಂಖ್ಯೆ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಸೋಲುತ್ತದೆ. ವರ್ಧನೆ ಎಂದರೆ ಮುಖ್ಯ ಮಸೂರದ ಸಂಗಮದೂರವನ್ನು, ಎಂದರೆ ಅದು ಬೆಳಕನ್ನು ಒಂದು ಬಿಂದುವಿಗೆ ಕೂಡಿಸುವ ದೂರವನ್ನು, ಕಣ್ಣಿನ ಬಳಿಯ ಐಪೀಸಿನ ಸಂಗಮದೂರದಿಂದ ಭಾಗಿಸಿದಾಗ ಬರುವ ಲಬ್ಧ. 900 ಮಿಲಿಮೀಟರ್ ಸಂಗಮದೂರದ ಉಪಕರಣಕ್ಕೆ 25 ಮಿಲಿಮೀಟರ್ ಐಪೀಸು ಹಾಕಿದರೆ 36 ಪಟ್ಟು, 10 ಮಿಲಿಮೀಟರಿನದನ್ನು ಹಾಕಿದರೆ 90 ಪಟ್ಟು. ಐಪೀಸು ಬದಲಿಸುತ್ತ ಲೆಕ್ಕದಲ್ಲಿ ಎಷ್ಟು ಬೇಕಾದರೂ ಏರಿಸಬಹುದು. ಆದರೆ ಮುಂದಿನ ಮಸೂರದ ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು 2 ಪಟ್ಟಿಗಿಂತ ಮೇಲೆ ಹೋದರೆ ಬಿಂಬ ದೊಡ್ಡದಾಗುತ್ತ ಮಸುಕಾಗುತ್ತದೆಯೇ ಹೊರತು ಹೊಸ ವಿವರ ಕಾಣುವುದಿಲ್ಲ. 70 ಮಿಲಿಮೀಟರ್ ವ್ಯಾಸದ ಸಾಧನಕ್ಕೆ 140 ಪಟ್ಟು ಮೇಲ್ಮಿತಿ. ಆದ್ದರಿಂದ ಹಳೆಯ ಉಪಕರಣದ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ವ್ಯಾಸವೆಷ್ಟು ಎಂಬುದು, ಎರಡನೆಯದು ಸ್ಟ್ಯಾಂಡು ಎಷ್ಟು ಗಟ್ಟಿಯಾಗಿದೆ ಎಂಬುದು. ಕೊಳವೆಯನ್ನು ಬೆರಳಿನಿಂದ ಮೆಲ್ಲನೆ ತಟ್ಟಿದಾಗ ಬಿಂಬದ ನಡುಕ ಕೆಲವೇ ಕ್ಷಣಗಳಲ್ಲಿ ಅಡಗದಿದ್ದರೆ ಉಳಿದ ಗುಣಗಳೆಲ್ಲ ವ್ಯರ್ಥ.

ಮಾತಿನ ಪರೀಕ್ಷೆ ಮುಗಿದ ಮೇಲೆ ಬರುವುದು ಕಾರಣದೋಷದ ಪರೀಕ್ಷೆ. ಕರಾವಳಿ, ಮಲೆನಾಡುಗಳ ತೇವದ ಹವೆಯಲ್ಲಿ ವರ್ಷಗಟ್ಟಲೆ ಮುಚ್ಚಿಟ್ಟ ಮಸೂರಗಳ ಮೇಲೆ ಬೂಷ್ಟು ಬಲೆಯಂತೆ ಹಬ್ಬುವುದುಂಟು. ದರ್ಪಣದ ಮೇಲಿನ ಅಲ್ಯೂಮಿನಿಯಂ ಲೇಪ ಮಂಕಾಗುವುದುಂಟು. ದರ್ಪಣದ ಮೇಲಿನ ತೆಳುವಾದ ದೂಳು ಮಾತ್ರ ನೋಡಲು ಕೆಟ್ಟದಾಗಿದ್ದರೂ ಹೆಚ್ಚು ಹಾನಿ ಮಾಡುವುದಿಲ್ಲ. ಬಟ್ಟೆಯಿಂದ ಒರೆಸಿ ಗೀರು ಬೀಳಿಸುವ ಉತ್ಸಾಹವೇ ಅದಕ್ಕಿಂತ ದೊಡ್ಡ ದೋಷ. ಐಪೀಸಿನಲ್ಲಿ ಒಂದು ಕಲೆ ಕಂಡಾಗ ಅದು ಯಾರದೆಂದು ನಿರ್ಣಯಿಸುವ ವಿಧಾನವು ಅನ್ವಯ-ವ್ಯತಿರೇಕ ಎಂಬ ಶಾಸ್ತ್ರೀಯ ಯುಕ್ತಿಗೆ, ಎಂದರೆ ಯಾವುದು ಇದ್ದರೆ ಇದು ಇರುತ್ತದೆ, ಯಾವುದು ಇಲ್ಲದಿದ್ದರೆ ಇದು ಇರುವುದಿಲ್ಲ ಎಂದು ಒರೆಹಚ್ಚುವ ಕ್ರಮಕ್ಕೆ, ಮಾದರಿಯಂತಿದೆ. ಐಪೀಸನ್ನು ತಿರುಗಿಸಿದಾಗ ಕಲೆಯೂ ತಿರುಗಿದರೆ ಅದು ಐಪೀಸಿನದು. ಕಣ್ಣಾಲಿ ಹೊರಳಿದಂತೆ ಅದೂ ಹೊರಳಿದರೆ ನೋಡುವವರ ಕಣ್ಣಿನದು. ಇವೆರಡನ್ನೂ ಲೆಕ್ಕಿಸದೆ ಚಂದ್ರನೊಡನೆಯೇ ಸರಿಯುತ್ತ ಹೋದರೆ ಚಂದ್ರನದು. ಪ್ರಖರವಾದ ತಾರೆಯೊಂದನ್ನು ಬೇಕೆಂದೇ ತುಸು ಮಸುಕುಮಾಡಿ ನೋಡಿದಾಗ ಏಕಕೇಂದ್ರದ ಬಳೆಗಳು ಕಂಡರೆ ದರ್ಪಣಗಳ ಜೋಡಣೆ ಸರಿಯಿದೆಯೆಂದೂ ಬಳೆಗಳು ಒಂದು ಪಕ್ಕಕ್ಕೆ ವಾಲಿದ್ದರೆ ಹಿಂಬದಿಯ ಸ್ಕ್ರೂಗಳನ್ನು ತಿರುಗಿಸಿ ಸರಿಪಡಿಸಬೇಕೆಂದೂ ತಿಳಿಯುತ್ತದೆ. ಈ ಪರೀಕ್ಷೆಯಲ್ಲಿ ತಾರೆ ಮತ್ತು ಸಾಧನಗಳು ತಮ್ಮ ಸ್ಥಾನಗಳನ್ನು ಬದಲಿಸಿಕೊಳ್ಳುತ್ತವೆ. ತಾರೆಯ ಮೂಲಕ ದೂರದರ್ಶಕವನ್ನು ನೋಡಲಾಗುತ್ತದೆ. ದೃಗ್ದೃಶ್ಯವಿವೇಕ ಎಂಬ ವೇದಾಂತ ಪ್ರಕರಣಗ್ರಂಥವು ರೂಪಕ್ಕೆ ಕಣ್ಣು ದ್ರಷ್ಟೃ, ಕಣ್ಣಿಗೆ ಮನಸ್ಸು ದ್ರಷ್ಟೃ, ಮನಸ್ಸಿಗೆ ಸಾಕ್ಷಿ ದ್ರಷ್ಟೃ ಎಂದು ಹಿಂದೆ ಹಿಂದೆ ಸರಿಯುವ ಕ್ರಮವನ್ನು ಬೋಧಿಸುತ್ತದೆ. ನೋಡುವ ಸಾಧನವಾಗಿದ್ದುದೇ ನೋಡಿಸಿಕೊಳ್ಳುವ ವಸ್ತುವಾಗುವ ಆ ಕ್ರಮದ ಹೊರಮೆಟ್ಟಿಲು ಇಲ್ಲಿದೆ.

ಇದೇ ಬಗೆಯ ಇನ್ನೊಂದು ದೋಷ ಅಗ್ಗದ ಮಸೂರಗಳಲ್ಲಿ ಚಂದ್ರನ ಅಂಚಿಗೆ ಹತ್ತಿಕೊಂಡು ಕಾಣುವ ನೇರಳೆ ಬಣ್ಣದ ಎಳೆ. ಗಾಜು ಬೇರೆ ಬೇರೆ ಬಣ್ಣಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುವುದರಿಂದ ಅವೆಲ್ಲ ಒಂದೇ ಬಿಂದುವಿನಲ್ಲಿ ಕೂಡುವುದಿಲ್ಲ. ನ್ಯೂಟನ್ 1668ರಲ್ಲಿ ಮಸೂರದ ಬದಲು ದರ್ಪಣವನ್ನು ಬಳಸಿ ದೂರದರ್ಶಕವನ್ನು ಕಟ್ಟಿದ್ದು ಈ ತೊಡಕನ್ನು ದಾಟುವುದಕ್ಕೆ. ವೇದಾಂತಿಗಳು ಅಧ್ಯಾಸವನ್ನು, ಎಂದರೆ ಒಂದರ ಧರ್ಮವನ್ನು ಮತ್ತೊಂದರಲ್ಲಿ ಆರೋಪಿಸುವ ಭ್ರಮೆಯನ್ನು, ವಿವರಿಸುವಾಗ ಕೊಡುವ ದಾಸವಾಳ ಮತ್ತು ಸ್ಫಟಿಕದ ದೃಷ್ಟಾಂತಕ್ಕೆ ಇದು ಹತ್ತಿರವಾದದ್ದು: ಹತ್ತಿರದ ಹೂವಿನ ಕೆಂಪು ಸ್ಫಟಿಕದ್ದಾಗಿ ತೋರುವಂತೆ ನಡುವಿನ ಗಾಜಿನ ಬಣ್ಣ ಚಂದ್ರನದ್ದಾಗಿ ತೋರುತ್ತದೆ. ಕಾರಣ ತಿಳಿದ ಮೇಲೂ ಬಣ್ಣ ಕಾಣುತ್ತಲೇ ಇರುತ್ತದೆ, ಆದರೆ ಮೋಸ ಮಾಡುವುದಿಲ್ಲ. ಹಳೆಯ ಉಪಕರಣದೊಡನೆ ಬಾಳುವುದೆಂದರೆ ಬಹುಮಟ್ಟಿಗೆ ಹೀಗೆ, ಅಳಿಸಲಾಗದ ದೋಷವನ್ನು ದೋಷವೆಂದು ಗುರುತಿಟ್ಟುಕೊಂಡು ನೋಡುವುದು.

ಸಾಧನವು ಇಷ್ಟು ಹದಕ್ಕೆ ಬಂದರೂ ವಸ್ತು ಕಾಣಲೇಬೇಕೆಂದಿಲ್ಲ. ಈಶ್ವರಕೃಷ್ಣನ ಸಾಂಖ್ಯಕಾರಿಕೆಯ ಏಳನೆಯ ಕಾರಿಕೆಯು ವಸ್ತು ಇದ್ದರೂ ಕಾಣದಿರುವುದಕ್ಕೆ ಎಂಟು ಕಾರಣಗಳನ್ನು ಎಣಿಸುತ್ತದೆ. ಮೂಲಪ್ರಕೃತಿಯು, ಎಂದರೆ ಸಾಂಖ್ಯರು ಜಗತ್ತಿಗೆ ಮೂಲಕಾರಣವೆನ್ನುವ ತತ್ತ್ವವು, ಕಣ್ಣಿಗೆ ಕಾಣದಿರುವುದು ಅದು ಸೂಕ್ಷ್ಮವಾಗಿರುವುದರಿಂದಲೇ ಹೊರತು ಇಲ್ಲದಿರುವುದರಿಂದಲ್ಲ ಎಂದು ಸ್ಥಾಪಿಸುವುದಕ್ಕೆ ಕಟ್ಟಿದ ಪಟ್ಟಿ ಇದು; ಆದರೂ ಆಕಾಶವೀಕ್ಷಣೆಗೆ ಇಳಿದವರಿಗೆ ಇದಕ್ಕಿಂತ ಪೂರ್ಣವಾದ ಕೈಪಿಡಿ ಸಿಗುವುದು ಕಷ್ಟ. ಅತಿದೂರ, ಅತಿಸಾಮೀಪ್ಯ, ಇಂದ್ರಿಯದ ಕೆಡುಕು, ಮನಸ್ಸಿನ ಚಂಚಲತೆ, ಸೌಕ್ಷ್ಮ್ಯ, ವ್ಯವಧಾನ ಎಂದರೆ ನಡುವಿನ ಅಡ್ಡಿ, ಅಭಿಭವ ಎಂದರೆ ಪ್ರಬಲವಾದದ್ದು ದುರ್ಬಲವಾದದ್ದನ್ನು ಅಡಗಿಸುವುದು, ಸಮಾನಾಭಿಹಾರ ಎಂದರೆ ತನ್ನಂಥವುಗಳಲ್ಲಿ ಬೆರೆತುಹೋಗುವುದು: ಇವೇ ಆ ಎಂಟು. ಇವುಗಳಲ್ಲಿ ದೂರದರ್ಶಕವು ನಿಜವಾಗಿ ಕೈಹಾಕುವುದು ದೂರ ಮತ್ತು ಸೌಕ್ಷ್ಮ್ಯ ಎಂಬ ಎರಡಕ್ಕೆ. ಕತ್ತಲೆಗೆ ಒಗ್ಗಿದ ಕಣ್ಣಿನ ಪಾಪೆ ಸುಮಾರು 7 ಮಿಲಿಮೀಟರ್ ಅಗಲವಿದ್ದು, 70 ಮಿಲಿಮೀಟರಿನ ಮಸೂರವು ಅದರ ನೂರರಷ್ಟು ಬೆಳಕನ್ನು ಕೂಡಿಹಾಕುತ್ತದೆ. ವ್ಯಾಸ ಹೆಚ್ಚಿದಂತೆ ಒಂದಕ್ಕೊಂದು ಅಂಟಿದ ಬಿಂದುಗಳನ್ನು ಬಿಡಿಸಿ ತೋರಿಸುವ ಶಕ್ತಿಯೂ ಹೆಚ್ಚುತ್ತದೆ. ಉಳಿದ ಆರು ಅಡ್ಡಿಗಳು ನೋಡುವವರ ಪಾಲಿಗೆ ಉಳಿಯುತ್ತವೆ.

ವ್ಯವಧಾನ ಮತ್ತು ಅಭಿಭವಗಳು ಹೊರಗಿನವು. ಜೂನಿನಿಂದ ಸೆಪ್ಟೆಂಬರಿನವರೆಗೆ ಕರ್ನಾಟಕದ ಆಕಾಶಕ್ಕೆ ಮುಂಗಾರಿನ ಮೋಡದ ಮರೆ ಇರುವುದರಿಂದ ವೀಕ್ಷಣೆಯ ಸುಗ್ಗಿ ನವೆಂಬರಿನಿಂದ ಫೆಬ್ರವರಿಯವರೆಗೆ. ಅಭಿಭವಕ್ಕೆ ಸಾಂಖ್ಯಕಾರಿಕೆಯ ಮೇಲಿನ ಗೌಡಪಾದರ ಭಾಷ್ಯ ಕೊಡುವ ಉದಾಹರಣೆಯೇ ಸೂರ್ಯನ ತೇಜಸ್ಸಿನಲ್ಲಿ ಅಡಗಿಹೋಗುವ ಗ್ರಹನಕ್ಷತ್ರಗಳದು; ಇಂದಿನ ನಗರಗಳಲ್ಲಿ ಬೀದಿದೀಪಗಳು ಅದೇ ಕೆಲಸವನ್ನು ರಾತ್ರಿಯಲ್ಲೂ ಮಾಡುತ್ತವೆ. ಇಂದ್ರಿಯದ ಕೆಡುಕು ಕಣ್ಣಿಗೆ ಸೇರಿದ್ದು. ಬೆಳಕಿನಿಂದ ಬಂದ ಕಣ್ಣು ಕತ್ತಲೆಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ಒಮ್ಮೆ ಫೋನಿನ ಪರದೆಯನ್ನು ನೋಡಿದರೆ ಗಳಿಸಿದ್ದೆಲ್ಲ ಕಳೆದುಹೋಗುತ್ತದೆ. ಮಂಕಾದ ಬೆಳಕನ್ನು ಹಿಡಿಯುವ ದಂಡಕೋಶಗಳು ಅಕ್ಷಿಪಟಲದ ನಡುವಿನಲ್ಲಿ ಇರದೆ ಸುತ್ತಲೂ ಹರಡಿರುವುದರಿಂದ, ನೆಟ್ಟ ನೋಟಕ್ಕೆ ಮರೆಯಾಗುವ ನೀಹಾರಿಕೆ ಕಡೆಗಣ್ಣಿಗೆ ಸಿಗುತ್ತದೆ. ಕೆಡುಕು ಶಾಶ್ವತವಾಗುವ ಅಪಾಯವೂ ಇದೆ. ಕೆಲವು ಹಳೆಯ ಉಪಕರಣಗಳ ಜೊತೆ ಐಪೀಸಿಗೆ ತಿರುಗಿಸಿ ಕೂರಿಸುವ ಕಪ್ಪು ಗಾಜಿನ ಸೂರ್ಯಶೋಧಕ ಬರುತ್ತದೆ. ಅದು ಕಾಯ್ದು ಬಿರಿದರೆ ಕೂಡಿಬಂದ ಬಿಸಿಲು ಕ್ಷಣಮಾತ್ರದಲ್ಲಿ ಕಣ್ಣನ್ನು ಸುಡುವುದರಿಂದ ಅದನ್ನು ಎಸೆದುಬಿಡುವುದೇ ಸರಿ, ದೂರದರ್ಶಕವನ್ನು ಸೂರ್ಯನತ್ತ ತಿರುಗಿಸದಿರುವುದೇ ಕ್ಷೇಮ. ಅತಿಸಾಮೀಪ್ಯಕ್ಕೆ ಭಾಷ್ಯಕಾರರ ಉದಾಹರಣೆ ಮತ್ತೆ ಕಣ್ಣಿನ ಕಾಡಿಗೆಯೇ. ಇದರಲ್ಲಿ ಒಂದು ಸ್ವಾರಸ್ಯವಿದೆ: 70 ಮಿಲಿಮೀಟರಿನ ಸಾಧನವನ್ನು 90 ಪಟ್ಟಿಗೆ ಏರಿಸಿದಾಗ ಐಪೀಸಿನಿಂದ ಹೊರಬರುವ ಬೆಳಕಿನ ಎಳೆ 1 ಮಿಲಿಮೀಟರಿಗಿಂತ ಸಣ್ಣದಾಗಿ, ಕಣ್ಣಿನೊಳಗೆ ತೇಲಾಡುವ ಕಣಗಳ ನೆರಳು ಚಂದ್ರಬಿಂಬದ ಮೇಲೆ ಬೀಳತೊಡಗುತ್ತದೆ. ಅತಿ ದೂರದ್ದನ್ನು ತೋರಿಸಲು ಬಂದ ಉಪಕರಣ ಅತಿ ಹತ್ತಿರದ್ದನ್ನೂ ತೋರಿಸಿಬಿಡುತ್ತದೆ.

ಉಳಿದ ಎರಡು ಕಾರಣಗಳು ಮನಸ್ಸಿಗೆ ಸಂಬಂಧಿಸಿದವು. ಇಟಲಿಯ ಸ್ಕಿಯಾಪರೆಲ್ಲಿ 1877ರಲ್ಲಿ ಮಂಗಳನ ಮೇಲೆ ಗೆರೆಗಳನ್ನು ಕಂಡರು. ಅಮೆರಿಕದ ಪರ್ಸಿವಲ್ ಲೊವೆಲ್ ಅವು ಬುದ್ಧಿವಂತ ಜೀವಿಗಳು ತೋಡಿದ ಕಾಲುವೆಗಳೆಂದು ನಂಬಿ ನಕ್ಷೆಗಳನ್ನೇ ಬರೆದರು. ಗ್ರೀನಿಚ್ಚಿನಲ್ಲಿ ಮಾಂಡರ್ ಅವರು ಶಾಲಾಬಾಲಕರ ಮುಂದೆ ಚುಕ್ಕಿಗಳೂ ಅಸ್ಪಷ್ಟ ಗುರುತುಗಳೂ ಇದ್ದ ಚಿತ್ರಗಳನ್ನಿಟ್ಟು, ಕಂಡಂತೆ ಬರೆಯಲು ಹೇಳಿ 1903ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ನಿರ್ದಿಷ್ಟ ದೂರದಲ್ಲಿ ಕುಳಿತವರು ಚಿತ್ರದಲ್ಲಿಲ್ಲದ ಗೆರೆಗಳನ್ನು ಎಳೆದಿದ್ದರು. 1965ರಲ್ಲಿ ಮ್ಯಾರಿನರ್ 4 ನೌಕೆ ಮಂಗಳನ ಬಳಿ ಹಾಯ್ದು ಕಳುಹಿಸಿದ ಚಿತ್ರಗಳಲ್ಲಿ ಕಂಡದ್ದು ಕುಳಿಗಳು, ಕಾಲುವೆಗಳಲ್ಲ. ಕಣ್ಣು ಬಿಟ್ಟುಕೊಟ್ಟ ತೆರಪನ್ನು ಮನಸ್ಸು ತನಗೆ ಬೇಕಾದುದರಿಂದ ತುಂಬಿಕೊಳ್ಳುವ ಈ ಬಗೆ ಸಾಂಖ್ಯರ ಪಟ್ಟಿಯಲ್ಲಿ ನೇರವಾಗಿ ಇಲ್ಲದಿದ್ದರೂ, ಸ್ಥಿರವಲ್ಲದ ಮನಸ್ಸು ಇರುವುದನ್ನು ಕಾಣದು ಎಂಬ ಮಾತಿನ ಮತ್ತೊಂದು ಮುಖವೇ ಆಗಿದೆ. ಕಂಡದ್ದನ್ನು ಅಂದೇ ಕಾಗದದ ಮೇಲೆ ಬರೆದು, ವೇಳೆಯನ್ನೂ ಐಪೀಸನ್ನೂ ಗುರುತುಹಾಕಿಕೊಳ್ಳುವ ಹಳೆಯ ವೀಕ್ಷಕರ ಅಭ್ಯಾಸ ಇದಕ್ಕೆ ಮದ್ದು. ಸಮಾನಾಭಿಹಾರಕ್ಕೆ ಭಾಷ್ಯದಲ್ಲಿರುವುದು ಕಾಳಿನ ರಾಶಿಯಲ್ಲಿ ಬೆರೆತ ಕಾಳಿನ ಉದಾಹರಣೆ. 1612ರ ಡಿಸೆಂಬರಿನಲ್ಲೂ 1613ರ ಜನವರಿಯಲ್ಲೂ ಗೆಲಿಲಿಯೋ ಗುರುಗ್ರಹದ ಪಕ್ಕದಲ್ಲಿ ಗುರುತುಮಾಡಿಕೊಂಡ ಒಂದು ಚುಕ್ಕಿ ನೆಪ್ಚೂನ್ ಆಗಿತ್ತು; ನಕ್ಷತ್ರಗಳ ರಾಶಿಯಲ್ಲಿ ಅದೂ ಒಂದು ನಕ್ಷತ್ರವಾಗಿ ಉಳಿಯಿತು. 1846ರ ಸೆಪ್ಟೆಂಬರ್ 23ರಂದು ಬರ್ಲಿನ್ನಿನ ಗಾಲೆ ಅದನ್ನು ಗ್ರಹವೆಂದು ಗುರುತಿಸಿದ್ದು, ಯುರೇನಸ್ಸಿನ ನಡೆಯ ಏರುಪೇರಿನಿಂದ ಲೆವೆರಿಯೆ ಮಾಡಿದ ಲೆಕ್ಕ ಮತ್ತು ಒಂದು ಹೊಸ ತಾರಾಪಟ, ಇವೆರಡೂ ಕೈಯಲ್ಲಿದ್ದುದರಿಂದ. ಎಲ್ಲಿ ನೋಡಬೇಕೆಂಬುದನ್ನು ಅನುಮಾನ ಹೇಳಿತು, ಪ್ರತ್ಯಕ್ಷ ಅದನ್ನು ಪೂರೈಸಿತು; ಅನುಮಾನದ ನೆರವಿಲ್ಲದ ಪ್ರತ್ಯಕ್ಷ 234 ವರ್ಷ ಮೊದಲೇ ಅದೇ ವಸ್ತುವನ್ನು ಕಂಡೂ ಕಾಣದೆ ಹೋಗಿತ್ತು.

ಎಂಟೂ ಅಡ್ಡಿಗಳು ಸರಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಪ್ರತ್ಯಕ್ಷವು ವರ್ತಮಾನದಲ್ಲಿರುವ ವಸ್ತುವನ್ನು ಮಾತ್ರ ಗ್ರಹಿಸುತ್ತದೆ, ಆದ್ದರಿಂದ ಧರ್ಮವನ್ನು ತಿಳಿಯಲು ಅದು ಸಾಲದು ಎಂದು ಜೈಮಿನಿ ಮೀಮಾಂಸಾಸೂತ್ರದ ಆರಂಭದಲ್ಲೇ ಹೇಳುತ್ತಾರೆ. ಬೆಳಕಿಗೂ ವೇಗದ ಮಿತಿಯಿದೆಯೆಂಬುದನ್ನು ಗುರುವಿನ ಉಪಗ್ರಹ ಅಯೋದ ಗ್ರಹಣಗಳು ವೇಳೆ ತಪ್ಪುವುದರಿಂದ ರೋಮರ್ 1676ರಲ್ಲಿ ತೋರಿಸಿದ ಮೇಲೆ, ಆಕಾಶದಲ್ಲಿ ಕಾಣುವುದೆಲ್ಲ ಹಿಂದಿನದೆಂದು ಖಚಿತವಾಯಿತು. ಮಹಾವ್ಯಾಧನ ಕತ್ತಿಯಲ್ಲಿರುವ ನೀಹಾರಿಕೆಯ ಬೆಳಕು ಸುಮಾರು 1,300 ವರ್ಷ, ಆಂಡ್ರೊಮಿಡಾ ಗೆಲಾಕ್ಸಿಯದು ಸುಮಾರು 25 ಲಕ್ಷ ವರ್ಷ ಹಳೆಯದು. ಹಾಗಾದರೆ ಇದು ಪ್ರತ್ಯಕ್ಷವೆನಿಸೀತೆ? ಇಲ್ಲಿ ಮೂರು ಮಾತುಗಳನ್ನು ಬೇರ್ಪಡಿಸುವುದು ಯುಕ್ತ. ಕಣ್ಣನ್ನು ಈಗ ತಲುಪಿದ ಬೆಳಕು ವರ್ತಮಾನದ್ದು, ಅದರ ಅರಿವು ಪ್ರತ್ಯಕ್ಷ. ಆ ಬೆಳಕು ಹೊರಟಾಗ ವಸ್ತು ಹೀಗಿತ್ತೆಂಬುದು ಅದೇ ಬೆಳಕಿನಲ್ಲಿ ಅಡಕವಾಗಿ ಬಂದ ಅರಿವು. ವಸ್ತು ಈಗಲೂ ಅಲ್ಲೇ ಹಾಗೆಯೇ ಇದೆಯೆಂಬುದು ಅನುಮಾನ. ಮೂರನ್ನೂ ಒಂದೇ ಉಸಿರಿನಲ್ಲಿ ಕಂಡೆನೆಂದು ಹೇಳುವಾಗ ತಪ್ಪು ನುಸುಳುತ್ತದೆ. ಗಡಿಗೆಯ ವಿಷಯದಲ್ಲೂ ಈ ಅಂತರ ಇದ್ದೇ ಇದೆ. ಅದು ಎಣಿಕೆಗೆ ಸಿಗದಷ್ಟು ಸಣ್ಣದಾಗಿರುವುದರಿಂದ ಹಿಂದಿನವರಿಗೆ ತೊಡಕಾಗಲಿಲ್ಲ.

ಹಳೆಯ ವಸ್ತುಗಳಿಂದ ಕಟ್ಟಿದ ದೂರದರ್ಶಕವೂ ವೇದಾಂತವೂ ಒಬ್ಬರ ಬದುಕಿನಲ್ಲಿಯೇ ಕೂಡಿದ ಉದಾಹರಣೆಯೊಂದು ಇತ್ತೀಚಿನ ಇತಿಹಾಸದಲ್ಲಿದೆ. 1915ರಲ್ಲಿ ಬೀಜಿಂಗಿನಲ್ಲಿ ಹುಟ್ಟಿದ ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠವನ್ನು ಸೇರಿ, ರಾಮಕೃಷ್ಣ ಸಂಪ್ರದಾಯದ ಸ್ವಾಮಿ ಅಶೋಕಾನಂದರ ಬಳಿ ಶಿಷ್ಯವೃತ್ತಿಯಲ್ಲಿದ್ದರು. ಹಣವಿಲ್ಲದ ಸಂನ್ಯಾಸಿಯಾದ ಅವರು ಹಡಗಿನ ಕಿಟಕಿಯ ಹಳೆಯ ಗಾಜನ್ನು ಕೈಯಿಂದಲೇ ಉಜ್ಜಿ ದರ್ಪಣ ಮಾಡಿ, ರಟ್ಟಿನ ಕೊಳವೆಗೆ ಕೂರಿಸಿ, ಮರದ ಪೆಟ್ಟಿಗೆಯ ಮೇಲೆ ನಿಲ್ಲಿಸಿದರು. ಆ ಕೆಲಸಕ್ಕಾಗಿ ಹೊರಗೆ ತಿರುಗಾಡುವುದು ಮಠದ ನಿಯಮಕ್ಕೆ ಹೊಂದದೆ 1967ರಲ್ಲಿ ಅವರು ಮಠದಿಂದ ಹೊರಬರಬೇಕಾಯಿತು. ಮರುವರ್ಷವೇ ಗೆಳೆಯರೊಡನೆ ಸೇರಿ ಬೀದಿಬದಿಯಲ್ಲಿ ದೂರದರ್ಶಕವನ್ನು ಇಟ್ಟು ಹಾದುಹೋಗುವವರಿಗೆಲ್ಲ ಚಂದ್ರನನ್ನು ತೋರಿಸುವ ಸಂಘವನ್ನು ಕಟ್ಟಿದರು. ಇಂದು ಹಳೆಯ ಉಪಕರಣಗಳ ಪೇಟೆಯಲ್ಲಿ ಹೊಸಬರಿಗೆ ಹಿರಿಯರು ಸೂಚಿಸುವ ಡಾಬ್ಸೋನಿಯನ್ ಎಂಬ ಬಗೆ ಅವರ ಹೆಸರಿನದೇ. 2014ರಲ್ಲಿ ತೀರಿಕೊಳ್ಳುವವರೆಗೂ ಅವರು ಜಗತ್ತು ಬ್ರಹ್ಮದ ವಿವರ್ತ, ಎಂದರೆ ಮೂಲ ಬದಲಾಗದೆ ಮೇಲೆ ತೋರುವ ತೋರಿಕೆ, ಎಂಬ ಅದ್ವೈತದ ಮಾತನ್ನು ಬಿಡಲಿಲ್ಲ. ತೋರಿಕೆಯೆಂದು ನಂಬಿದ ಜಗತ್ತನ್ನು ಇಷ್ಟು ಶ್ರಮಪಟ್ಟು ತೋರಿಸುವುದೇಕೆ ಎಂಬ ಪ್ರಶ್ನೆಗೆ ಉತ್ತರ ಅದ್ವೈತದಲ್ಲೇ ಇದೆ: ಹಗ್ಗದಲ್ಲಿ ಕಂಡ ಹಾವು ಹೋಗುವುದು ಕಣ್ಣು ಮುಚ್ಚುವುದರಿಂದಲ್ಲ, ದೀಪ ತಂದು ಚೆನ್ನಾಗಿ ನೋಡುವುದರಿಂದ.

ಚೆನ್ನಾಗಿ ನೋಡುವ ಕ್ರಮಕ್ಕೆ ಶಾಸ್ತ್ರದಲ್ಲಿ ಸ್ಥೂಲಾರುಂಧತೀನ್ಯಾಯವೆಂಬ ಹೆಸರಿದೆ. ಮದುವೆಯಲ್ಲಿ ವಧೂವರರಿಗೆ ಅರುಂಧತಿಯನ್ನು ತೋರಿಸುವವರು ಆ ಸಣ್ಣ ತಾರೆಯನ್ನು ನೇರವಾಗಿ ತೋರಿಸಲಾರದೆ, ಹತ್ತಿರದ ದೊಡ್ಡ ತಾರೆಯಾದ ವಸಿಷ್ಠವನ್ನೇ ಮೊದಲು ಅರುಂಧತಿಯೆಂದು ಹೇಳಿ, ದೃಷ್ಟಿ ಅಲ್ಲಿ ನೆಲೆಸಿದ ಮೇಲೆ ಅದಲ್ಲ, ಅದರ ಪಕ್ಕದ್ದು ಎನ್ನುತ್ತಾರೆ. ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರರು ಉಪದೇಶದ ಕ್ರಮವನ್ನು ವಿವರಿಸಲು ಇದನ್ನು ಬಳಸಿದ್ದಾರೆ. ಈಚೆಗೆ ಮುಹೂರ್ತಗಳು ಹಗಲಿನಲ್ಲೇ ಹೆಚ್ಚಾಗಿ, ಪುರೋಹಿತರು ಬಿಸಿಲಿನ ಆಕಾಶದತ್ತ ಬೆರಳು ತೋರಿಸುವಾಗ ಅಭಿಭವವು ಪೂರ್ಣವಾಗಿರುತ್ತದೆ, ದರ್ಶನ ಶಬ್ದದಲ್ಲೇ ಮುಗಿಯುತ್ತದೆ. ಹಳೆಯ ದೂರದರ್ಶಕವಿದ್ದ ಮನೆಯವರು ಏಪ್ರಿಲ್, ಮೇ ತಿಂಗಳ ಸಂಜೆ ಉತ್ತರದಲ್ಲಿ ಎದ್ದು ನಿಂತ ಸಪ್ತರ್ಷಿಮಂಡಲದತ್ತ ಅದನ್ನು ತಿರುಗಿಸಿ ಈ ನ್ಯಾಯವನ್ನು ಅಕ್ಷರಶಃ ನಡೆಸಬಹುದು: ಮೊದಲು ಬರಿಗಣ್ಣು, ಆಮೇಲೆ ಪಕ್ಕದಲ್ಲಿ ಕೂರಿಸಿದ ಸಣ್ಣ ಫೈಂಡರ್, ಆಮೇಲೆ ಕಡಿಮೆ ವರ್ಧನೆಯ ಐಪೀಸು, ಕಡೆಗೆ ಹೆಚ್ಚಿನದು. ವಸಿಷ್ಠ ಮತ್ತು ಅರುಂಧತಿಗಳ ನಡುವಿನ ಕೋನ ಸುಮಾರು 12 ಕಲೆಗಳು. ಅಂಶವೊಂದನ್ನು 60 ಭಾಗ ಮಾಡಿದರೆ ಒಂದು ಭಾಗ ಕಲೆ, ಕಲೆಯನ್ನು 60 ಭಾಗ ಮಾಡಿದರೆ ಒಂದು ಭಾಗ ವಿಕಲೆ. ಅರುಂಧತಿಯನ್ನು ಹುಡುಕಿ ಹೋದ ಕಣ್ಣಿಗೆ ಆಗ ಹುಡುಕದಿದ್ದುದೊಂದು ಸಿಗುತ್ತದೆ: ಬರಿಯ 36 ಪಟ್ಟಿನಲ್ಲಿಯೇ ವಸಿಷ್ಠವು ಸುಮಾರು 14 ವಿಕಲೆಗಳ ಅಂತರದ ಎರಡು ತಾರೆಗಳಾಗಿ ಬಿಡಿಸಿಕೊಳ್ಳುತ್ತದೆ. ಅವೆರಡೂ ಒಂದೊಂದು ಜೋಡಿಯೆಂದು ರೋಹಿತದಿಂದ, ಎಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿ ನೋಡುವುದರಿಂದ, ಮುಂದೆ ತಿಳಿದುಬಂದಿತು. ಮೊದಲನೆಯದನ್ನು 1889ರಲ್ಲಿ ಪಿಕರಿಂಗ್ ಪ್ರಕಟಿಸಿದರು. ಅರುಂಧತಿಗೂ ಮಂಕಾದ ಒಬ್ಬ ಸಂಗಾತಿಯಿರುವುದು 2009ರಲ್ಲಿ ಗೊತ್ತಾಗಿ, ಈ ದಂಪತಿಗಳ ಮನೆಯಲ್ಲಿ ಈಗ ಆರು ತಾರೆಗಳ ಲೆಕ್ಕವಿದೆ.

ಸ್ಥೂಲವೆಂದು ತೋರಿಸಿ ಪಕ್ಕಕ್ಕೆ ಸರಿಸಿದ ತಾರೆಯೇ ಹೀಗೆ ಸೂಕ್ಷ್ಮವಾಗಿ ಎದುರು ನಿಂತಾಗ ನ್ಯಾಯದ ಅರ್ಥ ಇನ್ನೊಂದು ಮಟ್ಟಕ್ಕೆ ತಿಳಿಯಾಗುತ್ತದೆ. ಅದಲ್ಲ ಎಂಬ ನಿಷೇಧವು ಇದು ಅರುಂಧತಿ ಎಂಬ ಮಾತಿಗೆ ಅನ್ವಯಿಸಿತ್ತು, ಆ ತಾರೆಗೆ ಅನ್ವಯಿಸಿರಲಿಲ್ಲ. ಅಲ್ಲಗಳೆದದ್ದು ಹೆಸರನ್ನು, ವಸ್ತು ತನ್ನ ಪೂರ್ತಿ ವಿವರದೊಡನೆ ಅಲ್ಲಿಯೇ ಕಾದಿತ್ತು. ದೂರದರ್ಶಕದಲ್ಲಿ ಕಂಡದ್ದು ಪ್ರತ್ಯಕ್ಷವೇ ಎಂಬ ಮೊದಲ ಪ್ರಶ್ನೆಗೂ ಇದರಿಂದ ಉತ್ತರ ಬರುತ್ತದೆ. ಎರಡು ಚುಕ್ಕಿಗಳು ಕಂಡದ್ದು, ದೋಷಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಬಾಧಕವಾದ ಮತ್ತೊಂದು ಜ್ಞಾನ ಬಾರದಿರುವುದರಿಂದ, ಪ್ರತ್ಯಕ್ಷವೇ. ಎರಡೇ ಇವೆಯೆಂದದ್ದು ಪ್ರತ್ಯಕ್ಷವನ್ನು ಮೀರಿದ ಮಾತು. ಸಂಜೆಯ ಕೊನೆಯಲ್ಲಿ ಕೊಳವೆಯ ಬಾಯಿಗೆ ಮುಚ್ಚಳ ಹಾಕಿ ಒಳಗೆ ತರುವಾಗ ಮಸೂರದ ಮೂಲೆಯ ಗೀರು ಅಲ್ಲೇ ಇರುತ್ತದೆ, ಚಂದ್ರನ ಅಂಚಿನ ನೇರಳೆ ಎಳೆ ನಾಳೆಯೂ ಕಾಣುತ್ತದೆ. ಆದರೆ ಯಾವುದು ಗಾಜಿನದು, ಯಾವುದು ಕಣ್ಣಿನದು, ಯಾವುದು ಆಕಾಶದ್ದು ಎಂಬ ವಿಂಗಡಣೆ ಅಷ್ಟರಲ್ಲಿ ಶುರುವಾಗಿರುತ್ತದೆ.